ಸಿಂಕ್ ಕೆಳಗಿನ ಡಿಸ್ಪೋಸರ್ ಸೋರುತ್ತಿದೆಯೇ? ಜಾಗ ಪತ್ತೆ ಮಾಡಿ, ರಿಪೇರಿ ಮಾಡುವ ಬಗೆ

"ಸಿಂಕ್ ಕೆಳಗಿನ ಕಪಾಟು ತೆರೆದರೆ ಒಳಗೆಲ್ಲ ಒದ್ದೆ. ಡಿಸ್ಪೋಸರ್‌ನ ತಳದಿಂದ ನೀರು ತೊಟ್ಟಿಕ್ಕುತ್ತಿದೆ. ಯಂತ್ರ ಹಾಳಾಯಿತೇ, ಹೊಸದೇ ತರಬೇಕೇ?" ಆಹಾರದ ಚೂರುಗಳನ್ನು ಅರೆಯುವ ಯಂತ್ರವಾದ ಡಿಸ್ಪೋಸರ್ ಬಗ್ಗೆ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಇಷ್ಟು ವಿವರ ಕೇಳಿ ಹೌದು, ಇಲ್ಲ ಎಂದು ಹೇಳಲು ಬರುವುದಿಲ್ಲ. ನೀರು ತೊಟ್ಟಿಕ್ಕುವ ಜಾಗ ಒಂದಾದರೆ, ಸೋರುವ ಜಾಗ ಬಹಳ ಸಲ ಇನ್ನೊಂದಾಗಿರುತ್ತದೆ. ಮೇಲೆ ಸಿಂಕಿನ ಬಾಯಲ್ಲಿ ಜಿನುಗಿದ ನೀರು ಯಂತ್ರದ ಮೈಮೇಲೆ ತೆಳುವಾಗಿ ಇಳಿದು, ತಳದ ಅಂಚಿಗೆ ಬಂದು, ಅಲ್ಲಿ ಹನಿಯಾಗಿ ಬೀಳುತ್ತದೆ. ಅದನ್ನು ನೋಡಿ ತಳವೇ ಸೋರುತ್ತಿದೆ ಎಂದುಕೊಂಡು ಯಂತ್ರ ಬದಲಿಸಿದವರಿದ್ದಾರೆ. ಸಿಂಕಿನ ಬಾಯಲ್ಲಿ ಸಂದು ಮುಚ್ಚಲು ಮೆತ್ತಿದ ಹಳೆಯ ಪುಟ್ಟಿ ಹಾಗೇ ಉಳಿದಿದ್ದರೆ ಹೊಸ ಯಂತ್ರದ ಕೆಳಗೂ ಅದೇ ಹನಿ ಬೀಳುತ್ತದೆ.

ಆದ್ದರಿಂದ ರಿಪೇರಿಗಿಂತ ಪತ್ತೆಗೇ ಹೆಚ್ಚು ಸಮಯ ಕೊಡಿ. ಜಾಗ ಖಚಿತವಾದ ಮೇಲೆ ಮಾಡಬೇಕಾದ ಕೆಲಸ ಹೆಚ್ಚಿನ ಸಂದರ್ಭಗಳಲ್ಲಿ ಒಂದು ತಿರುಪು ಬಿಗಿ ಮಾಡುವುದು, ಒಂದು ರಬ್ಬರ್ ವಾಷರ್ ಬದಲಿಸುವುದು ಅಥವಾ ಹೊಸ ಪುಟ್ಟಿ ಹಾಕುವುದು, ಅಷ್ಟೆ.

ಮೊದಲು ಯಂತ್ರದ ಭಾಗಗಳ ಪರಿಚಯ

ಡಿಸ್ಪೋಸರ್ ಎಂದರೆ ಸಿಂಕಿನ ಕೆಳಗೆ ನೇತಾಡುತ್ತಾ ಆಹಾರದ ಚೂರುಗಳನ್ನು ಅರೆದು ನೀರಿನ ಜೊತೆ ಚರಂಡಿ ಪೈಪಿಗೆ ಕಳಿಸುವ ಮೋಟಾರು ಯಂತ್ರ. ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರೆ ಸೋರಬಹುದಾದ ಜಾಗಗಳು ಐದು.

ಸಿಂಕಿನ ತೂತಿನಲ್ಲಿ ಕೂತಿರುವ, ಒಳಗಿನಿಂದ ಕಾಣುವ ಲೋಹದ ಬಳೆಯೇ ಫ್ಲ್ಯಾಂಜ್. ಇದರ ಅಂಚಿಗೂ ಸಿಂಕಿಗೂ ನಡುವೆ ನೀರು ನುಸುಳದಂತೆ ಪ್ಲಂಬರ್ ಪುಟ್ಟಿ ಹಾಕಿರುತ್ತಾರೆ. ಫ್ಲ್ಯಾಂಜ್‌ನ ಕೆಳತುದಿಗೂ ಯಂತ್ರದ ಬಾಯಿಗೂ ನಡುವೆ ದಪ್ಪ ರಬ್ಬರ್ ಗ್ಯಾಸ್ಕೆಟ್ ಒಂದಿದೆ. ಕೆಲವು ಮಾದರಿಗಳಲ್ಲಿ ಸಿಂಕಿನೊಳಗಿನಿಂದ ಕಾಣುವ ಸೀಳು ಸೀಳಾದ ಕಪ್ಪು ರಬ್ಬರ್ ತಡೆಯೂ ಈ ಗ್ಯಾಸ್ಕೆಟ್ಟೂ ಒಂದೇ ತುಂಡು. ಯಂತ್ರದ ಮೇಲ್ಭಾಗದ ಪಕ್ಕದಲ್ಲಿ ಪಾತ್ರೆ ತೊಳೆಯುವ ಯಂತ್ರದ, ಅಂದರೆ ಡಿಶ್‌ವಾಷರ್‌ನ, ಹೋಸ್ ಸೇರುವ ಸಣ್ಣ ಮೂತಿ ಇರುತ್ತದೆ. ಅದಕ್ಕಿಂತ ಕೆಳಗೆ, ಅರೆದದ್ದು ಹೊರಹೋಗುವ ದಪ್ಪ ಪೈಪು. ಕೊನೆಯದು ಮೋಟಾರು ಇರುವ ತಳಭಾಗ. ಕೆಂಪು ರೀಸೆಟ್ ಗುಂಡಿ ಇರುವುದು ಇಲ್ಲೇ.

ಬೇಕಾಗುವ ಸಾಮಾನು

ಪತ್ತೆಗೆ ಒಂದು ಟಾರ್ಚ್, ಒಣ ಬಟ್ಟೆ, ಟಿಶ್ಯೂ ಕಾಗದ, ಬಕೆಟ್ ಮತ್ತು ಅಡುಗೆಗೆ ಬಳಸುವ ಕೆಂಪು ಅಥವಾ ನೀಲಿ ಬಣ್ಣದ ಕೆಲವು ಹನಿ ಸಾಕು. ರಿಪೇರಿಗೆ ಚಪ್ಪಟೆ ಮತ್ತು ಪ್ಲಸ್ ತುದಿಯ ಸ್ಕ್ರೂಡ್ರೈವರ್, ಅಗಲ ಬಾಯಿಯ ಇಕ್ಕಳ, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಪ್ಲಂಬರ್ ಪುಟ್ಟಿ ಮತ್ತು ವಿದ್ಯುತ್ ಟೆಸ್ಟರ್ ಬೇಕು. ಗ್ಯಾಸ್ಕೆಟ್, ವಾಷರ್‌ಗಳನ್ನು ಮೊದಲೇ ಕೊಳ್ಳಬೇಡಿ. ಹಳೆಯದನ್ನು ಬಿಚ್ಚಿ, ಯಂತ್ರದ ಮಾದರಿ ಸಂಖ್ಯೆ ಬರೆದುಕೊಂಡು, ಹಳೆಯ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಳತೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೂ ಸೋರಿಕೆ ನಿಲ್ಲುವುದಿಲ್ಲ.

ಹಂತ 1: ಕರೆಂಟ್ ತೆಗೆಯಿರಿ

ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಇದ್ದರೆ ಒಣ ಕೈಯಿಂದ ಕೀಳಿ. ನೇರವಾಗಿ ವೈರ್ ಜೋಡಿಸಿದ್ದರೆ ಆ ಸಾಲಿನ ಎಂಸಿಬಿಯನ್ನೇ ಇಳಿಸಿ, ಆಮೇಲೆ ಸ್ವಿಚ್ ಹಾಕಿ ಯಂತ್ರ ಸುಮ್ಮನಿದೆಯೇ ಎಂದು ನೋಡಿ. ಪ್ಲಗ್ ಅಥವಾ ಸಾಕೆಟ್ ಒದ್ದೆಯಾಗಿದ್ದರೆ ಮುಟ್ಟಲೇ ಬೇಡಿ, ಮೊದಲು ಎಂಸಿಬಿ ಇಳಿಸಿ. ಕರೆಂಟ್ ಇರಲಿ ಇಲ್ಲದಿರಲಿ, ಅರೆಯುವ ಬಾಯಿಯೊಳಗೆ ಕೈ ಹಾಕಬೇಡಿ. ಏನಾದರೂ ತೆಗೆಯಬೇಕಿದ್ದರೆ ಉದ್ದನೆಯ ಚಿಮಟ ಬಳಸಿ.

ಹಂತ 2: ಎಲ್ಲವನ್ನೂ ಒಣಗಿಸಿ

ಕಪಾಟನ್ನು ಪೂರ್ತಿ ಖಾಲಿ ಮಾಡಿ. ಯಂತ್ರದ ಮೈ, ಪೈಪುಗಳ ಜೋಡಣೆ, ಸಿಂಕಿನ ತಳ, ಕಪಾಟಿನ ಹಲಗೆ ಎಲ್ಲವನ್ನೂ ಒರೆಸಿ. ಸಂದುಗಳಲ್ಲಿ ಉಳಿದ ನೀರು ಹೊಸ ಸೋರಿಕೆಯಂತೆಯೇ ಕಂಡು ದಾರಿ ತಪ್ಪಿಸುತ್ತದೆ, ಅಲ್ಲೆಲ್ಲ ಟಿಶ್ಯೂ ತೂರಿಸಿ ಹೀರಿಸಿ. ಹಲಗೆಯ ಮೇಲೆ ಒಣ ಕಾಗದ ಹಾಸಿ.

ಈಗ ಏನೂ ಮಾಡದೆ ಅರ್ಧ ಗಂಟೆ ಬಿಡಿ. ನಲ್ಲಿ ತಿರುಗಿಸದೆಯೇ ಕಾಗದ ಒದ್ದೆಯಾದರೆ ಡಿಸ್ಪೋಸರ್ ಮೇಲೆ ಅನುಮಾನ ಬೇಡ. ನಲ್ಲಿಗೆ ನೀರು ತರುವ ಪೈಪು, ಅದರ ಕವಾಟ ಅಥವಾ ತಣ್ಣೀರಿನ ಪೈಪಿನ ಹೊರಮೈ ಬೆವರುವುದು ಕಾರಣವಿರಬಹುದು. ನಲ್ಲಿಯ ಬುಡವನ್ನೂ ಇಲ್ಲೇ ಪರೀಕ್ಷಿಸಿ: ನೀರನ್ನು ಸಿಂಕಿನ ಒಳಕ್ಕೆ ಬಿಡದೆ ಪಾತ್ರೆಯೊಂದಕ್ಕೆ ಹಿಡಿದು, ಬುಡದಿಂದ ಕೆಳಗೆ ಇಳಿಯುತ್ತದೆಯೇ ನೋಡಿ.

ಹಂತ 3: ನಾಲ್ಕು ಪರೀಕ್ಷೆಗಳು, ಇದೇ ಕ್ರಮದಲ್ಲಿ

ಇಡೀ ಕೆಲಸದ ತಿರುಳು ಇದು. ಒಂದೊಂದು ಪರೀಕ್ಷೆಯಲ್ಲೂ ನೀರು ಹಿಂದಿನದಕ್ಕಿಂತ ಒಂದು ಭಾಗ ಮುಂದಕ್ಕೆ ಹೋಗುತ್ತದೆ. ಯಾವ ಪರೀಕ್ಷೆಯಲ್ಲಿ ಹನಿ ಮೊದಲು ಕಂಡಿತೋ ಅದೇ ನಿಮಗೆ ಜಾಗ ತೋರಿಸುತ್ತದೆ. ಕ್ರಮ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ಮೊದಲನೆಯದು ನಿಂತ ನೀರು. ಸಿಂಕಿನ ಬಾಯಿಗೆ ಬಿರಡೆ ಹಾಕಿ, ಒಂದು ಅಂಗೈ ಎತ್ತರ ನೀರು ತುಂಬಿ, ಬಣ್ಣ ಹಾಕಿ, 15 ನಿಮಿಷ ಬಿಡಿ. ಬಿರಡೆ ಫ್ಲ್ಯಾಂಜ್‌ನ ಒಳಗೆ ಕೂರುವಂಥದ್ದಾಗಿರಬೇಕು. ಇಡೀ ಬಾಯಿಯನ್ನು ಮೇಲಿನಿಂದ ಮುಚ್ಚುವ ಚಪ್ಪಟೆ ರಬ್ಬರ್ ಹಾಳೆ ಹಾಕಿದರೆ ನೀರು ಫ್ಲ್ಯಾಂಜ್‌ನ ಅಂಚಿಗೆ ತಾಗುವುದೇ ಇಲ್ಲ, ಪರೀಕ್ಷೆ ವ್ಯರ್ಥ. ಕೆಳಗಿನಿಂದ ಟಾರ್ಚ್ ಹಿಡಿದು ಸಿಂಕೂ ಲೋಹದ ಬಳೆಗಳೂ ಸೇರುವ ಜಾಗದ ಸುತ್ತ ಟಿಶ್ಯೂ ಒತ್ತಿ. ಬಣ್ಣ ಹತ್ತಿದರೆ ಫ್ಲ್ಯಾಂಜ್‌ನ ಪುಟ್ಟಿ ಸೋರುತ್ತಿದೆ. ಹಂತ 4ಕ್ಕೆ ಹೋಗಿ.

ಅದು ಒಣಗಿದ್ದರೆ ಎರಡನೆಯದು. ಬಿರಡೆ ಎಳೆದು ತುಂಬಿದ ನೀರನ್ನು ಒಮ್ಮೆಲೇ ಹರಿಯಬಿಡಿ. ಯಂತ್ರ ಇನ್ನೂ ಆರಿಯೇ ಇರಲಿ. ಫ್ಲ್ಯಾಂಜ್‌ಗಿಂತ ಕೆಳಗೆ, ಯಂತ್ರದ ಬಾಯಿಯ ಸುತ್ತ ಹನಿ ಕಂಡರೆ ರಬ್ಬರ್ ಗ್ಯಾಸ್ಕೆಟ್ಟಿನ ತೊಂದರೆ. ಪಕ್ಕದ ಪೈಪಿನಲ್ಲಿ ಕಂಡರೆ ಹೊರಹರಿವಿನ ಜೋಡಣೆ. ನೀರು ನಿಧಾನವಾಗಿ ಇಳಿಯುತ್ತಾ ಸಿಂಕಿನಲ್ಲಿ ನಿಂತರೆ ಮುಂದಿನ ಪೈಪು ಕಟ್ಟಿಕೊಂಡಿದೆ ಎಂದರ್ಥ. ಹಾಗಿದ್ದರೆ ಮೊದಲು ಕಟ್ಟು ಬಿಡಿಸಿ. ಹಿಂದಕ್ಕೆ ಒತ್ತುವ ನೀರು ಚೆನ್ನಾಗಿರುವ ಜೋಡಣೆಯಲ್ಲೂ ದಾರಿ ಹುಡುಕಿಕೊಳ್ಳುತ್ತದೆ; ಕಟ್ಟು ಹಾಗೇ ಬಿಟ್ಟು ವಾಷರ್ ಬದಲಿಸಿದರೆ ಸೋರಿಕೆ ಮರುಕಳಿಸುತ್ತದೆ.

ಮೂರನೆಯದಕ್ಕೆ ಕರೆಂಟ್ ಬೇಕು. ಪ್ಲಗ್, ವೈರು, ಸಾಕೆಟ್ ಪೂರ್ತಿ ಒಣಗಿವೆ, ಎರಡನೆಯ ಪರೀಕ್ಷೆಯಲ್ಲಿ ಎಲ್ಲೂ ಹನಿ ಬಂದಿಲ್ಲ ಎಂದಾದರೆ ಮಾತ್ರ ಇದನ್ನು ಮಾಡಿ. ನಲ್ಲಿ ಬಿಟ್ಟು ಯಂತ್ರವನ್ನು ಒಂದು ನಿಮಿಷ ಓಡಿಸಿ. ಕೈಯನ್ನು ಕಪಾಟಿನ ಒಳಗೆ ಹಾಕದೆ ಹೊರಗಿನಿಂದಲೇ ಟಾರ್ಚ್ ಬಿಡಿ. ನಿಂತಾಗ ಸೋರದೆ, ಅದುರುವಾಗ ಮಾತ್ರ ಸೋರುವ ಜೋಡಣೆಗಳು ಈಗ ಸಿಕ್ಕಿಬೀಳುತ್ತವೆ. ಯಂತ್ರದ ಮೇಲ್ಭಾಗವೆಲ್ಲ ಒಣಗಿದ್ದು, ತಳದಿಂದ ಅಥವಾ ರೀಸೆಟ್ ಗುಂಡಿಯ ಸುತ್ತಲಿಂದ ನೀರು ಬಂದರೆ ತಕ್ಷಣ ನಿಲ್ಲಿಸಿ, ಮತ್ತೆ ಎಂಸಿಬಿ ಇಳಿಸಿ ಹಂತ 8 ಓದಿ.

ನಾಲ್ಕನೆಯದು ಡಿಶ್‌ವಾಷರ್ ಇದ್ದವರಿಗೆ. ಅದನ್ನು ಓಡಿಸಿ, ನೀರು ಹೊರಹಾಕುವ ಹೊತ್ತಿಗೆ ಹೋಸಿನ ಮೂತಿಯನ್ನು ಗಮನಿಸಿ. ಈ ಸೋರಿಕೆ ಬೇರೆ ಯಾವ ಪರೀಕ್ಷೆಯಲ್ಲೂ ಕಾಣದಿರಬಹುದು.

ಪರೀಕ್ಷೆ ಮುಗಿದು ರಿಪೇರಿಗೆ ಇಳಿಯುವ ಮುನ್ನ ಕರೆಂಟ್ ಮತ್ತೆ ತೆಗೆದಿದ್ದೀರಾ ಎಂದು ನೋಡಿಕೊಳ್ಳಿ. ಮೂರನೆಯ ಪರೀಕ್ಷೆಗೆಂದು ಹಾಕಿದ್ದು ಮರೆತುಹೋಗುವುದು ಸುಲಭ.

ಹಂತ 4: ಫ್ಲ್ಯಾಂಜ್ ಸೋರುತ್ತಿದ್ದರೆ

ಪುಟ್ಟಿ ವರ್ಷಗಳ ಮೇಲೆ ಒಣಗಿ ಬಿರುಕು ಬಿಡುತ್ತದೆ, ಅದುರುವಿಕೆಯಿಂದ ತಿರುಪುಗಳು ಸಡಿಲವಾಗುತ್ತವೆ. ಹೀಗಾಗಿ ಮೊದಲು ಸುಲಭದ ದಾರಿ ಹಿಡಿಯಿರಿ. ಹಲವು ಮಾದರಿಗಳಲ್ಲಿ ಫ್ಲ್ಯಾಂಜ್‌ನ್ನು ಕೆಳಗಿನಿಂದ ಬಿಗಿಹಿಡಿಯುವ ಮೂರು ತಿರುಪುಗಳಿವೆ. ಒಂದೊಂದನ್ನೂ ಕಾಲು ಸುತ್ತು ಬಿಗಿ ಮಾಡುತ್ತಾ, ಸರದಿಯಂತೆ ಸುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಫ್ಲ್ಯಾಂಜ್ ವಾರೆಯಾಗಿ ಎದುರು ಬದಿಯಲ್ಲಿ ಸಂದು ಬೀಳುತ್ತದೆ. ಮತ್ತೆ ನಿಂತ ನೀರಿನ ಪರೀಕ್ಷೆ ಮಾಡಿ. ನಿಂತಿತೇ, ಕೆಲಸ ಮುಗಿಯಿತು. ಇಲ್ಲವಾದರೆ ಎಲ್ಲ ಬಿಚ್ಚಿ ಹೊಸ ಪುಟ್ಟಿ ಹಾಕಲೇಬೇಕು. ಮೇಲಿನಿಂದ ಅಂಚಿಗೆ ಸಿಲಿಕೋನ್ ಬಳಿದು ಮುಚ್ಚಲು ಹೋಗಬೇಡಿ. ಅದು ಕೆಲವು ದಿನ ತಡೆದಂತೆ ಕಂಡು ಆಮೇಲೆ ಎದ್ದುಬರುತ್ತದೆ, ಅಷ್ಟರಲ್ಲಿ ಕಪಾಟಿನ ಹಲಗೆ ಉಬ್ಬಿರುತ್ತದೆ.

ಬಿಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೋ ತೆಗೆದುಕೊಳ್ಳಿ. ಬಕೆಟ್ ಕೆಳಗಿಟ್ಟು ಹೊರಹರಿವಿನ ಪೈಪನ್ನೂ ಡಿಶ್‌ವಾಷರ್ ಹೋಸನ್ನೂ ತೆಗೆಯಿರಿ. ಪೈಪಿನ ಬಾಗಿನಲ್ಲಿ ನಿಂತ ನೀರು ಹೇಗೂ ಚೆಲ್ಲುತ್ತದೆ. ಯಂತ್ರದ ತೂಕ ಮಾದರಿಗೆ ತಕ್ಕಂತೆ ಸುಮಾರು 5ರಿಂದ 13 ಕೆಜಿ ಇರುತ್ತದೆ. ಅದರ ಕೆಳಗೆ ಗಟ್ಟಿ ಡಬ್ಬಿ ಅಥವಾ ಮರದ ತುಂಡುಗಳನ್ನು ಪೇರಿಸಿ ಆಸರೆ ಕೊಡಿ. ಯಂತ್ರವನ್ನು ಮೇಲಕ್ಕೆ ಹಿಡಿದಿರುವ ಬಳೆಯ ಕೊಂಡಿಗಳು ಇಳಿಜಾರಾದ ಏಣುಗಳ ಮೇಲೆ ಹತ್ತಿ ಕೂತಿರುತ್ತವೆ. ಇಳಿಜಾರು ಯಾವ ಕಡೆಗೆ ಇಳಿಯುತ್ತದೋ ಆ ಕಡೆಗೆ ಬಳೆಯನ್ನು ತಿರುಗಿಸಿದರೆ ಯಂತ್ರ ಕಳಚಿ ಆಸರೆಯ ಮೇಲೆ ಕೂರುತ್ತದೆ. ಬಿಗಿಯಾಗಿದ್ದರೆ ಬಳೆಯ ಕಿವಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿ. ಯಂತ್ರ ವೈರಿನ ಮೇಲೆ ನೇತಾಡಲು ಬಿಡಬೇಡಿ.

ಈಗ ಮೂರು ತಿರುಪು ಸಡಿಲಿಸಿ, ಫ್ಲ್ಯಾಂಜ್‌ನ ಕುತ್ತಿಗೆಯಲ್ಲಿ ಕೂತಿರುವ ತೆಳ್ಳಗಿನ ಸೀಳುಬಳೆಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ. ಇದಕ್ಕೆ ಸ್ನ್ಯಾಪ್ ರಿಂಗ್ ಎನ್ನುತ್ತಾರೆ. ಅದು ಛಕ್ಕನೆ ಚಿಮ್ಮುವುದುಂಟು, ಮುಖ ದೂರವಿರಲಿ. ಆಮೇಲೆ ಮೌಂಟಿಂಗ್ ರಿಂಗ್, ಒತ್ತುಬಳೆ, ಫೈಬರ್ ಗ್ಯಾಸ್ಕೆಟ್ ಒಂದಾದ ಮೇಲೊಂದು ಇಳಿಯುತ್ತವೆ. ಇಳಿದ ಕ್ರಮದಲ್ಲೇ, ಮೇಲ್ಮುಖ ಮೇಲಾಗಿಯೇ, ಬಟ್ಟೆಯ ಮೇಲೆ ಸಾಲಾಗಿ ಇಡಿ. ಕೆಳಗಿನಿಂದ ಒತ್ತಿದರೆ ಫ್ಲ್ಯಾಂಜ್ ಸಿಂಕಿನೊಳಕ್ಕೆ ಎದ್ದುಬರುತ್ತದೆ.

ಹಳೆಯ ಪುಟ್ಟಿಯನ್ನು ಫ್ಲ್ಯಾಂಜ್‌ನಿಂದಲೂ ಸಿಂಕಿನಿಂದಲೂ ಕಣವೂ ಉಳಿಯದಂತೆ ಕೆರೆಯಿರಿ. ಅರ್ಧಂಬರ್ಧ ಕೆರೆದು ಮೇಲೆ ಹೊಸದು ಹಾಕಿದ್ದರಿಂದಲೇ ಮತ್ತೆ ಸೋರುವುದು ಹೆಚ್ಚು. ಇಲ್ಲಿ ಸ್ವಲ್ಪ ಹೊತ್ತು ಹೋದರೂ ಹೋಗಲಿ. ಫ್ಲ್ಯಾಂಜ್ ಸೊಟ್ಟಗಾಗಿದ್ದರೆ ಅಥವಾ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸದು ಹಾಕಿ. ಸಿಂಕಿನ ತೂತಿನ ಅಂಚೇ ಸವೆದು ತಿಂದುಹೋಗಿದ್ದರೆ ಪುಟ್ಟಿ ಉಪಯೋಗಕ್ಕೆ ಬಾರದು, ಸಿಂಕನ್ನೇ ಬದಲಿಸಬೇಕು.

ಪುಟ್ಟಿಯನ್ನು ನಾದಿದ ಹಿಟ್ಟಿನ ಹದಕ್ಕೆ ಬರುವವರೆಗೆ ಅಂಗೈಯಲ್ಲಿ ಬೆಚ್ಚಗೆ ತಿಕ್ಕಿ, ಸುಮಾರು 12 ಮಿಲಿಮೀಟರ್ ದಪ್ಪದ ಹುರಿಯಾಗಿ ಹೊಸೆಯಿರಿ. ಫ್ಲ್ಯಾಂಜ್‌ನ ಅಂಚಿನ ಅಡಿಗೆ ಎಲ್ಲೂ ತುಂಡಾಗದಂತೆ ಸುತ್ತಿ, ಸಿಂಕಿನ ತೂತಿಗೆ ಇಳಿಸಿ, ನೇರವಾಗಿ ಒತ್ತಿ. ಒತ್ತಿದ ಮೇಲೆ ತಿರುಗಿಸಬೇಡಿ. ಕಲ್ಲು, ಕಲ್ಲುಪುಡಿಯ ಮಿಶ್ರಣ ಅಥವಾ ಪ್ಲಾಸ್ಟಿಕ್ಕಿನ ಸಿಂಕಾದರೆ ಎಣ್ಣೆಯಿರುವ ಸಾಮಾನ್ಯ ಪುಟ್ಟಿ ಕಲೆ ಮಾಡುತ್ತದೆ ಅಥವಾ ಮೈಯನ್ನೇ ಕೆಡಿಸುತ್ತದೆ. ಅಂಥದ್ದಕ್ಕೆ ಸಿಲಿಕೋನ್ ಅಥವಾ ಯಂತ್ರದ ಕಂಪನಿಯದೇ ರಬ್ಬರ್ ಗ್ಯಾಸ್ಕೆಟ್ ಬಳಸಿ. ಪುಟ್ಟಿ ಹಾಕಿದ ಕೂಡಲೇ ನೀರು ಬಿಡಬಹುದು; ಸಿಲಿಕೋನ್ ಆದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ಕಾಯಬೇಕು.

ಕೆಳಗಿನಿಂದ ಫೈಬರ್ ಗ್ಯಾಸ್ಕೆಟ್, ಒತ್ತುಬಳೆ, ಮೌಂಟಿಂಗ್ ರಿಂಗ್ ಏರಿಸಿ ಸ್ನ್ಯಾಪ್ ರಿಂಗನ್ನು ಫ್ಲ್ಯಾಂಜ್‌ನ ಕುತ್ತಿಗೆಯ ತೋಡಿನಲ್ಲಿ ಕೂರಿಸಿ. ಇಬ್ಬರಿದ್ದರೆ ಈ ಕೆಲಸ ಸಲೀಸು, ಮೇಲಿನಿಂದ ಒಬ್ಬರು ಫ್ಲ್ಯಾಂಜ್ ಒತ್ತಿ ಹಿಡಿಯಬೇಕು. ಒಬ್ಬರೇ ಆದರೆ ಫ್ಲ್ಯಾಂಜ್ ಮೇಲೆ ಟವೆಲ್ ಹಾಸಿ ಭಾರ ಇಡಿ. ತಿರುಪುಗಳನ್ನು ಮೊದಲಿನಂತೆ ಸರದಿಯಲ್ಲಿ ಬಿಗಿ ಮಾಡಿ. ಸುತ್ತಲೂ ಸಮನಾಗಿ ಪುಟ್ಟಿ ಹಿಂಡಿ ಹೊರಬಂದರೆ ಸರಿಯಾಗಿ ಕೂತಿದೆ. ಒಂದು ಕಡೆ ಏನೂ ಬರಲಿಲ್ಲವೆಂದರೆ ಅಲ್ಲಿ ಪುಟ್ಟಿ ಸಾಲದು, ಎತ್ತಿ ಮತ್ತೆ ಹಾಕಿ.

ಯಂತ್ರವನ್ನು ಮತ್ತೆ ನೇತುಹಾಕುವ ಮೊದಲೇ ಬಿರಡೆ ಹಾಕಿ ನೀರು ತುಂಬಿ 15 ನಿಮಿಷ ನೋಡಿ. ಇದನ್ನು ಬಿಡಲೇಬೇಡಿ. ಈಗ ಸೋರಿದರೆ ತೆಗೆಯಬೇಕಾದ್ದು ಮೂರು ತಿರುಪು. ಆಮೇಲೆ ಸೋರಿದರೆ ಎಲ್ಲವನ್ನೂ ಮೊದಲಿನಿಂದ ಬಿಚ್ಚಬೇಕು.

ಹಂತ 5: ಯಂತ್ರದ ಬಾಯಿಯ ಗ್ಯಾಸ್ಕೆಟ್

ಯಂತ್ರವನ್ನು ಮೇಲೆ ಹೇಳಿದಂತೆ ಕಳಚಿದರೆ ಗ್ಯಾಸ್ಕೆಟ್ ಕೈಗೆ ಸಿಗುತ್ತದೆ. ಗಟ್ಟಿಯಾಗಿದ್ದರೆ, ಸೀಳಿದ್ದರೆ, ಅಂಚು ಮಡಚಿದ್ದರೆ ಹೊಸದು ಹಾಕಿ. ರಬ್ಬರ್ ಚೆನ್ನಾಗಿಯೇ ಇದ್ದರೆ ಕೊಂಡಿಗಳ ಮೇಲೆ ಅನುಮಾನ ಪಡಿ: ಮೂರರಲ್ಲಿ ಒಂದು ಏಣಿನ ಮೇಲೆ ಪೂರ್ತಿ ಹತ್ತದಿದ್ದರೂ ಯಂತ್ರ ವಾರೆಯಾಗಿ ನೇತಾಡಿ ಒಂದು ಬದಿಯಲ್ಲಿ ಜಿನುಗುತ್ತದೆ. ಮೂರೂ ಬಿಗಿಯಾಗಿ ಕೂತಿವೆಯೇ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ.

ಹಂತ 6: ಹೊರಹರಿವಿನ ಪೈಪು

ಪೈಪು ಯಂತ್ರಕ್ಕೆ ಸೇರುವಲ್ಲಿ ಒಂದು ಅಥವಾ ಎರಡು ಬೋಲ್ಟುಗಳಿರುವ ಲೋಹದ ಪಟ್ಟಿ, ಅದರ ಹಿಂದೆ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಬೋಲ್ಟ್ ಬಿಗಿದರೂ ಸೋರಿದರೆ ಗ್ಯಾಸ್ಕೆಟ್ ಬದಲಿಸಿ. ಹೊಸ ಗ್ಯಾಸ್ಕೆಟ್ಟೂ ಬೇಗ ಕೆಟ್ಟರೆ ಪೈಪಿನ ಸಾಲು ತಪ್ಪಿದೆ ಎಂದು ತಿಳಿಯಿರಿ. ಚರಂಡಿ ಪೈಪಿಗೆ ಮುಟ್ಟಿಸಲೆಂದು ಎಳೆದು ಬಾಗಿಸಿ ಕೂರಿಸಿದ ಪೈಪು ಯಂತ್ರ ಅದುರಿದಾಗಲೆಲ್ಲ ಗ್ಯಾಸ್ಕೆಟ್ಟನ್ನು ಒಂದು ಬದಿಗೆ ಕೀಳುತ್ತಿರುತ್ತದೆ. ಯಂತ್ರವನ್ನೇ ಸ್ವಲ್ಪ ತಿರುಗಿಸಿ, ಪೈಪು ಒತ್ತಾಯವಿಲ್ಲದೆ ತಾನಾಗಿ ಸೇರುವಂತೆ ಮಾಡಿ.

ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ನಟ್ಟು ಮತ್ತು ಒಂದು ಕಡೆ ಚೂಪಾದ ವಾಷರ್ ಇರುತ್ತವೆ. ವಾಷರಿನ ಚೂಪು ಬದಿ ಪೈಪು ಒಳಸೇರುವ ದಿಕ್ಕಿಗೆ ಇರಬೇಕು, ತಿರುಗುಮುರುಗಾದರೆ ಎಷ್ಟು ಬಿಗಿದರೂ ಸೋರುತ್ತದೆ. ಇಲ್ಲಿ ಬಿಳಿ ಟೇಪು ಸುತ್ತಬೇಡಿ. ನೀರು ತಡೆಯುವುದು ವಾಷರ್, ನಟ್ಟಿನೊಳಗಿನ ಸುರುಳಿಗೆರೆಗಳಲ್ಲ; ಟೇಪು ನಟ್ಟನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಕೈಯಲ್ಲಿ ಬಿಗಿದು, ಇಕ್ಕಳದಿಂದ ಕಾಲು ಸುತ್ತು ಹೆಚ್ಚಿಗೆ ತಿರುಗಿಸಿದರೆ ಸಾಕು. ಬಲ ಹಾಕಿದರೆ ನಟ್ಟು ಸೀಳುತ್ತದೆ.

ಹಂತ 7: ಡಿಶ್‌ವಾಷರ್ ಹೋಸ್

ಕ್ಲಾಂಪ್, ಅಂದರೆ ಹೋಸನ್ನು ಹಿಡಿದ ಲೋಹದ ಪಟ್ಟಿ, ಸಡಿಲವಾಗಿದ್ದರೆ ಬಿಗಿ ಮಾಡಿ, ತುಕ್ಕು ಹಿಡಿದಿದ್ದರೆ ಬದಲಿಸಿ. ಹೋಸಿನ ತುದಿ ಸೀಳಿದ್ದು ಉದ್ದ ಸಾಕಷ್ಟಿದ್ದರೆ 2–3 ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಬಹುದು. ಮೂತಿಯೇ ಸೀಳಿದ್ದರೆ ಅಂಟು ನಿಲ್ಲುವುದಿಲ್ಲ, ಏಕೆಂದರೆ ಹೆಚ್ಚಿನ ಮಾದರಿಗಳಲ್ಲಿ ಅದು ಯಂತ್ರದ ಮೈಯದೇ ಭಾಗ.

ಹಂತ 8: ತಳದಿಂದಲೇ ಬಂದರೆ

ಅರೆಯುವ ಕೋಣೆಗೂ ಮೋಟಾರಿಗೂ ನಡುವೆ, ತಿರುಗುವ ದಂಡದ ಸುತ್ತ ಒಂದು ಸೀಲ್ ಇದೆ. ಅದು ಸವೆದರೆ ನೀರು ಮೋಟಾರಿನ ಮೂಲಕ ಇಳಿದು ತಳದಲ್ಲಿ, ಹಲವು ಸಲ ರೀಸೆಟ್ ಗುಂಡಿಯ ಬಳಿ, ಹೊರಬರುತ್ತದೆ. ಕೋಣೆಯ ಗೋಡೆ ಬಿರುಕು ಬಿಟ್ಟಾಗಲೂ ಹೀಗೇ. ಈ ಸೀಲ್ ಮನೆಯಲ್ಲಿ ಬದಲಿಸುವಂಥದ್ದಲ್ಲ. ಹೊರಗಿನಿಂದ ಎಂ-ಸೀಲ್ ಮೆತ್ತಿ ಹನಿ ನಿಲ್ಲಿಸಿದರೆ ನೀರು ಮೋಟಾರಿನೊಳಗೇ ನಿಲ್ಲುತ್ತದೆ, ಶಾಕ್ ಹೊಡೆಯುವ ಅಪಾಯ ಹೆಚ್ಚುತ್ತದೆ. ಇಂಥ ಯಂತ್ರವನ್ನು ಮತ್ತೆ ಓಡಿಸಲೇಬೇಡಿ. ವಾರಂಟಿ ಇದೆಯೇ ನೋಡಿ, ಇಲ್ಲವಾದರೆ ಹೊಸದು ತನ್ನಿ. ಅದೇ ಕಂಪನಿಯ ಹೊಸ ಮಾದರಿ ಹಳೆಯ ಮೌಂಟಿಂಗ್‌ಗೇ ಕೂರುವುದುಂಟು. ಕೂರುತ್ತದೆ ಎಂದಾದರೆ, ಸೋರದ ಫ್ಲ್ಯಾಂಜನ್ನು ಮುಟ್ಟುವ ಅಗತ್ಯವಿಲ್ಲ. ವೈರ್ ಜೋಡಿಸುವ ಅಭ್ಯಾಸವಿಲ್ಲದವರು ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹಂತ 9: ಕೊನೆಯ ತಪಾಸಣೆ

ಎಲ್ಲ ಒರೆಸಿ ಹೊಸ ಕಾಗದ ಹಾಸಿ, ನಾಲ್ಕೂ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿ. ಒಂದನ್ನು ಸರಿಪಡಿಸಲು ಯಂತ್ರ ಅಲ್ಲಾಡಿಸಿದಾಗ ಇನ್ನೊಂದು ಜೋಡಣೆ ಸಡಿಲಗೊಂಡಿರಬಹುದು. ಕಾಗದವನ್ನು ಒಂದು ವಾರ ಹಾಗೇ ಬಿಟ್ಟು ದಿನಕ್ಕೊಮ್ಮೆ ನೋಡಿ.

ಯಂತ್ರ ಮೊದಲಿಗಿಂತ ಹೆಚ್ಚು ಅದುರುತ್ತಿದ್ದರೆ ಅದನ್ನೂ ಈಗಲೇ ಪರಿಹರಿಸಿ, ಇಲ್ಲದಿದ್ದರೆ ನೀವು ಬಿಗಿದ ತಿರುಪುಗಳು ಮತ್ತೆ ಸಡಿಲವಾಗುತ್ತವೆ. ಚಮಚ, ಮೂಳೆ, ಗಾಜಿನ ಚೂರು ಒಳಗೆ ಸಿಕ್ಕಿದೆಯೇ ಎಂದು ಕರೆಂಟ್ ತೆಗೆದು ಟಾರ್ಚ್ ಬಿಟ್ಟು ನೋಡಿ. ತಳದ ನಡುವೆ ಆರು ಮೂಲೆಯ ತೂತಿದ್ದರೆ ಅದಕ್ಕೆ ಹೊಂದುವ ಆಲನ್ ಕೀ, ಸಾಮಾನ್ಯವಾಗಿ ಕಾಲು ಇಂಚಿನದು, ಹಾಕಿ ಹಿಂದೆ ಮುಂದೆ ತಿರುಗಿಸಿದರೆ ಸಿಕ್ಕಿಕೊಂಡದ್ದು ಬಿಡುತ್ತದೆ. ಕಟ್ಟಿಕೊಂಡಾಗ ಪೈಪು ಬಿಡಿಸುವ ರಾಸಾಯನಿಕ ಪುಡಿ, ದ್ರಾವಣಗಳನ್ನು ಡಿಸ್ಪೋಸರ್ ಮೂಲಕ ಸುರಿಯಬೇಡಿ. ಅವು ರಬ್ಬರನ್ನೂ ಸೀಲನ್ನೂ ತಿನ್ನುತ್ತವೆ, ಮುಂದೆ ಪೈಪು ಬಿಚ್ಚುವವರ ಕೈಯನ್ನೂ ಸುಡುತ್ತವೆ.